ಸಕ್ಯುಲೆಂಟಿಗೆ ದೀಪಾವಳಿ, ಬಳ್ಳಿಗೆ ಪತ್ತನಾಜೆ: ಕಾಸರಗೋಡಿನ ಮಳೆಯಲ್ಲಿ ಹೂಗಿಡ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಬಂತೆಂದರೆ ನಮ್ಮ ನೀರ್ಚಾಲು, ಬದಿಯಡ್ಕ ಕಡೆಯ ಮನೆಗಳಲ್ಲಿ ಒಂದೇ ದೂರು. ನರ್ಸರಿಯಿಂದ ತಂದಾಗ ಮೈತುಂಬಾ ಹೂ ಇದ್ದ ಅಡೀನಿಯಂ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬುಡ ಮೆತ್ತಗಾಗಿ ಮಗುಚಿತು. ಟೇಬಲ್ ರೋಸ್ ಕರಗಿಯೇ ಹೋಯಿತು. ಬೋಗನ್‌ವಿಲ್ಲಾ ಮಾತ್ರ ಮಾಡಿನವರೆಗೆ ಬೆಳೆದಿದೆ, ಹೂ ಒಂದೂ ಇಲ್ಲ. ಮತ್ತೆ ಹೊಸ ಗಿಡ ತರುವುದು, ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಹೋದ ವರ್ಷ ಪಕ್ಕದ ಮನೆಯ ಹುಡುಗಿ ಸತ್ತ ಗಿಡವನ್ನು ಚಟ್ಟಿ ಸಮೇತ ಎತ್ತಿಕೊಂಡು ಬಂದಿದ್ದಳು. "ದಿನಾ ನೀರು ಹಾಕಿದ್ದೇನೆ ಅಕ್ಕಾ, ಆದ್ರೂ ಸತ್ತಿತು ನೋಡಿ" ಎಂದಳು. ಚಟ್ಟಿ ಬೋರಲು ಹಾಕಿದೆವು. ಒಳಗಿನ ಮಣ್ಣು ಕೆಸುವಿನ ಗದ್ದೆಯ ಕೆಸರಿನ ಹಾಗಿತ್ತು. ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಕೈಗೆ ಬರುತ್ತಿತ್ತು. "ಆದ್ರೂ ಅಲ್ಲ ಮಾರಾಯ್ತಿ, ನೀರಿನಿಂದಲೇ ಸತ್ತದ್ದು" ಎಂದು ಹೇಳುವಾಗ ನನಗೂ ಬೇಸರವೇ ಆಯಿತು.

ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಇದರ ಮೂರನೇ ಒಂದು ಪಾಲೂ ಮಳೆ ಬೀಳದ ಬೆಂಗಳೂರಿನವರು ವೀಡಿಯೋದಲ್ಲಿ ಹೇಳುವ ಮಣ್ಣಿನ ಮಿಶ್ರಣ, ನೀರಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಮಳೆಯ ಲೆಕ್ಕ ನೋಡಿಯೇ ಕೆಲಸ ಹಿಡಿಯಬೇಕು. ಅಡೀನಿಯಂನಂಥ ಸಕ್ಯುಲೆಂಟಿಗೆ ವರ್ಷ ಶುರುವಾಗುವುದು ದೀಪಾವಳಿಯ ಹೊತ್ತಿಗೆ, ಬಳ್ಳಿಗೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ. ಎರಡನ್ನೂ ಒಂದೇ ದಿನ ತಂದು, ಒಂದೇ ಮಣ್ಣಿನಲ್ಲಿ ನೆಟ್ಟು, ಒಂದೇ ಪೈಪಿನಲ್ಲಿ ನೀರು ಬಿಟ್ಟರೆ ಒಂದು ಸಾಯುತ್ತದೆ, ಇನ್ನೊಂದು ಹೂ ಬಿಡುವುದಿಲ್ಲ.

## ಮೊದಲು ಗಿಡ ಆರಿಸಿ

ಸಕ್ಯುಲೆಂಟ್ ಎಂದರೆ ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಳ್ಳುವ ಗಿಡ. ನಮ್ಮ ಅಂಗಳಕ್ಕೆ ಒಗ್ಗುವ ಹೂವಿನ ಜಾತಿಗಳು ಐದಾರು ಇವೆ: ಅಡೀನಿಯಂ, ಹತ್ತು ಗಂಟೆ ಹೂ ಎಂದೂ ಕರೆಯುವ ಟೇಬಲ್ ರೋಸ್, ಮುಳ್ಳಿನ ಯುಫೋರ್ಬಿಯಾ, ಕಲಾಂಚೊ, ರಾತ್ರಿ ಅರಳುವ ಬ್ರಹ್ಮಕಮಲ, ಮೇಣದಂಥ ಹೂಗೊಂಚಲಿನ ಹೋಯಾ. ಹೊಸಬರಾದರೆ ಯುಫೋರ್ಬಿಯಾ ಮತ್ತು ಬ್ರಹ್ಮಕಮಲದಿಂದ ಶುರು ಮಾಡಿ. ಸಣ್ಣ ತಪ್ಪು ಮಾಡಿದರೂ ಇವೆರಡು ತಾಳಿಕೊಳ್ಳುತ್ತವೆ. ಗುಲಾಬಿಯ ಆಕಾರದ ಎಲೆಜೋಡಣೆಯ ಎಕೆವೇರಿಯಾಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಸೆಕೆ, ಒದ್ದೆ ಗಾಳಿಗೆ ಅವು ಎರಡು ಮಳೆಗಾಲ ಕಾಣುವುದೇ ಕಷ್ಟ.

ಬಳ್ಳಿಗಳಲ್ಲಿ ಶಂಖಪುಷ್ಪ, ರಂಗೂನ್ ಮಲ್ಲಿಗೆ, ಬೋಗನ್‌ವಿಲ್ಲಾ, ಬೆಳ್ಳುಳ್ಳಿ ಬಳ್ಳಿ, ಅಲಮಂಡ ಸಾಕು. ನೀಲಿ ಹೂವಿನ ದೊಡ್ಡ ಥನ್‌ಬರ್ಜಿಯಾ ನೋಡಲು ಚಂದ, ಆದರೆ ಸಣ್ಣ ಅಂಗಳಕ್ಕೆ ಬೇಡ. ಎರಡು ವರ್ಷದಲ್ಲಿ ಪಕ್ಕದ ಮಾವಿನ ಮರವನ್ನೇ ಮುಚ್ಚಿಬಿಡುತ್ತದೆ.

## ಬೇಕಾದ ಸಾಮಾನು

ಹೆಚ್ಚಿನದ್ದು ಮನೆಯಲ್ಲೇ ಉಂಟು. ಹರಿತವಾದ ಗಿಡ ಕತ್ತರಿ, ತೆಳು ಅಲಗಿನ ಚೂರಿ, ಅದನ್ನು ಒರೆಸಲು ಸ್ಪಿರಿಟ್, ಜರಡಿ, ಪಿಕ್ಕಾಸು, ಹಾರೆ, ತೆಂಗಿನ ಹುರಿ, ಬಾಳೆನಾರು, ಒಡೆದ ಹಂಚಿನ ಚೂರು, ಅಡಕೆ ಸಲಾಕೆ (ಅಡಕೆ ಮರದ ಸೀಳು). ಮಳೆಗಾಲದ ಮಾಡಿಗೆ ಬಿಸಿಲು ತಾಳುವ 200 ಮೈಕ್ರಾನಿನ ಪಾರದರ್ಶಕ ಶೀಟು ಬೇಕು. ರಬ್ಬರಿನ ಕೈಗವಸು ಒಂದು ಜೊತೆ ಇರಲೇಬೇಕು. ಅಡೀನಿಯಂ ರಸ ವಿಷ. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಬಿದ್ದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ಡಾಕ್ಟರರ ಹತ್ತಿರ ಹೋಗಿ.

# ಸಕ್ಯುಲೆಂಟ್: ಅಕ್ಟೋಬರ್ ಕೊನೆಯಿಂದ ಮೇ ತನಕ

## ಹಂತ 1: ಮಣ್ಣು ಕಲಸುವುದು

ಸೋಲು ಗೆಲುವು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ನನ್ನ ಅಳತೆ ಹೀಗೆ. ದೊರಗು ಹೊಯಿಗೆ (ಮರಳು) 2 ಪಾಲು. ಬಟಾಣಿ ಕಾಳಿನಷ್ಟು ಗಾತ್ರಕ್ಕೆ ಒಡೆದ ಮುರಕಲ್ಲು (ಜಂಬಿಟ್ಟಿಗೆ) ಅಥವಾ ಇಟ್ಟಿಗೆ ಚೂರು 1 ಪಾಲು. ಕಸಕಡ್ಡಿ ಹಾಕಿ ಸುಟ್ಟ ಸುಡುಮಣ್ಣು 1 ಪಾಲು. ಒಂದು ವರ್ಷ ಹಳೆಯ, ಹುಡಿಹುಡಿಯಾದ ಹಟ್ಟಿಗೊಬ್ಬರ ಅರ್ಧ ಪಾಲು. ಹಸಿ ಸೆಗಣಿ ಬೇಡವೇ ಬೇಡ.

ಹೊಯಿಗೆ ಹೊಳೆಯದ್ದಾಗಿರಲಿ. ಕಡಲ ಬದಿಯ ಹೊಯಿಗೆಯಲ್ಲಿ ಉಪ್ಪು ಇರುತ್ತದೆ. ಹೊಳೆಯದ್ದು ಸಿಗದಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ತಂದು ಜರಡಿ ಹಿಡಿದು, ಕೆಳಗೆ ಬಿದ್ದ ಹುಡಿಯನ್ನು ಬಿಟ್ಟು ಮೇಲೆ ಉಳಿದದ್ದನ್ನು ಬಳಸಿ. ಆ ನುಣ್ಣನೆ ಹುಡಿ ಸಿಮೆಂಟಿನ ಹಾಗೆ ಕಚ್ಚಿಕೊಂಡು ನೀರು ಇಳಿಯಲು ಬಿಡುವುದಿಲ್ಲ.

ಕೊಕೊಪೀಟ್, ಅಂದರೆ ತೆಂಗಿನ ನಾರಿನ ಹುಡಿ, ನಮ್ಮೂರಲ್ಲಿ ಸುಲಭವಾಗಿ ಸಿಗುತ್ತದೆ. ಅದಕ್ಕೇ ಎಲ್ಲರೂ ಚಟ್ಟಿ ತುಂಬಾ ಅದನ್ನೇ ತುಂಬುತ್ತಾರೆ. ಅದು ತನ್ನ ತೂಕದ ಹಲವು ಪಟ್ಟು ನೀರು ಹೀರಿ ಹಿಡಿದಿಡುತ್ತದೆ. ಒಣ ಊರಿಗೆ ಅದು ಒಳ್ಳೆಯದು. ಜುಲೈ ತಿಂಗಳ ನಮ್ಮ ಪೆರ್ಲದಲ್ಲಿ ಅಡೀನಿಯಂ ಬೇರಿಗೆ ಅದು ಒದ್ದೆ ಕಂಬಳಿ.

ಮಿಶ್ರಣ ಸರಿಯಾಯಿತೇ ಎಂದು ನೋಡಲು ಒಂದು ಮುಷ್ಟಿ ತೆಗೆದು ನೀರು ಚಿಮುಕಿಸಿ ಬಿಗಿಯಾಗಿ ಹಿಚುಕಿ. ಕೈ ಬಿಡಿಸಿದಾಗ ಉಂಡೆ ತಾನಾಗಿ ಉದುರಬೇಕು. ಕಡುಬಿನ ಹಾಗೆ ನಿಂತರೆ ಇನ್ನೊಂದು ಪಾಲು ಹೊಯಿಗೆ ಸೇರಿಸಿ.

## ಹಂತ 2: ಚಟ್ಟಿ ತುಂಬುವುದು

ಮಣ್ಣಿನ ಚಟ್ಟಿಯೇ ಒಳ್ಳೆಯದು, ಅದರ ಮೈಯಿಂದಲೂ ನೀರು ಆರುತ್ತದೆ. ಅಡೀನಿಯಂಗೆ ಆಳಕ್ಕಿಂತ ಅಗಲ ಜಾಸ್ತಿ ಇರಲಿ. ಗಡ್ಡೆಗಿಂತ ಎರಡು ಬೆರಳು ಅಗಲವಿದ್ದರೆ ಸಾಕು. "ದೊಡ್ಡದಾಗಿ ಬೆಳೆಯಲಿ" ಎಂದು ಆರಂಭದಲ್ಲೇ ದೊಡ್ಡ ಚಟ್ಟಿಗೆ ಹಾಕುವುದು ಸಾಮಾನ್ಯ ತಪ್ಪು. ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯೇ ಇರುತ್ತದೆ.

ಅಡಿಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ಒಂದಾದರೂ ಇರಬೇಕು, ಮೂರಿದ್ದರೆ ಇನ್ನೂ ಒಳ್ಳೆಯದು. ತೂತಿನ ಮೇಲೆ ಹಂಚಿನ ಚೂರು ಡೊಂಕಾಗಿ ಇಡಿ, ಅಷ್ಟೇ ಸಾಕು. ಅಡಿಗೆ ಮೂರು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಆಗುವುದು ಇದರ ತಿರುಗು ಮುರುಗು. ಮೇಲಿನ ಮಣ್ಣು ಪೂರ್ತಿ ತೋಯುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಒದ್ದೆ ಪದರ ಬೇರಿನ ಹತ್ತಿರಕ್ಕೇ ಏರಿ ಕೂರುತ್ತದೆ. ಜಲ್ಲಿಯನ್ನು ಮಣ್ಣಿನ ಜೊತೆಗೇ ಕಲಸಿ.

ತುಂಬಿದ ಚಟ್ಟಿಗೆ ಒಂದು ಮಗ್ ನೀರು ಸುರಿಯಿರಿ. ಅರ್ಧ ನಿಮಿಷದೊಳಗೆ ಕೆಳಗಿಂದ ಹರಿಯಬೇಕು. ಚಟ್ಟಿಯನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಎರಡು ಹಂಚಿನ ತುಂಡಿನ ಮೇಲೆ ಕೂರಿಸಿ. ತಟ್ಟೆ ಇಡುವುದಂತೂ ಬೇಡ. ಅದರಲ್ಲಿ ನಿಂತ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು.

## ಹಂತ 3: ಕಡ್ಡಿ ಕತ್ತರಿಸಿ ಒಣಗಿಸುವುದು

ಮಲ್ಲಿಗೆ ಕಡ್ಡಿ ಕತ್ತರಿಸಿದ ಕೂಡಲೇ ನೆಡುತ್ತೇವೆ. ಅದೇ ಅಭ್ಯಾಸದಲ್ಲಿ ಸಕ್ಯುಲೆಂಟ್ ಕಡ್ಡಿಯನ್ನೂ ಹಸಿಯಾಗಿಯೇ ಮಣ್ಣಿಗೆ ಚುಚ್ಚಿದರೆ ಕೊಳೆಯುತ್ತದೆ. ಗಾಯ ಒಣಗಿ ಮೇಲೆ ತೊಗಲಿನಂಥ ಪದರ ಕಟ್ಟಬೇಕು. ಉಗುರಿನಿಂದ ಮುಟ್ಟಿದರೆ ಗಟ್ಟಿ ಎನಿಸಬೇಕು.

ಅಡೀನಿಯಂ ಕಡ್ಡಿ ಒಂದು ಗೇಣು ಉದ್ದ, ಪೆನ್ನಿಗಿಂತ ದಪ್ಪ ಇರಲಿ. ನೆರಳಲ್ಲಿ 5ರಿಂದ 7 ದಿನ ಒಣಗಿಸಿ. ಆದರೆ ಒಂದು ಮಾತು: ಉಬ್ಬಿದ ಚಂದದ ಗಡ್ಡೆ ಬೇಕಾದರೆ ಬೀಜದ ಗಿಡವೇ ಆಗಬೇಕು. ಯುಫೋರ್ಬಿಯಾ ಕಡ್ಡಿಯ ತುದಿಯನ್ನು ನೀರಿನಲ್ಲಿ ಅದ್ದಿ ಹಾಲು ಸುರಿಯುವುದು ನಿಂತ ಮೇಲೆ 3ರಿಂದ 5 ದಿನ ಒಣಗಿಸಿ. ಬ್ರಹ್ಮಕಮಲದ್ದು ನಾವು ಎಲೆ ಅನ್ನುವುದು ನಿಜವಾಗಿ ಚಪ್ಪಟೆ ಕಾಂಡ. ಬಲಿತ ಒಂದು ತುಂಡನ್ನು ವಾರ ಒಣಗಿಸಿ, ಬುಡದ ಭಾಗ ಕೆಳಗೆ ಬರುವಂತೆ ಎರಡು ಇಂಚು ಹೂಳಿ. ತಲೆಕೆಳಗಾದರೆ ಬೇರು ಬರುವುದಿಲ್ಲ, ಆದ್ದರಿಂದ ಕತ್ತರಿಸುವಾಗಲೇ ಬುಡಕ್ಕೆ ಗುರುತು ಮಾಡಿಡಿ.

ಟೇಬಲ್ ರೋಸ್‌ಗೆ ಇಷ್ಟೆಲ್ಲ ಬೇಡ. ಮೂರು ಇಂಚಿನ ತುದಿ ಚಿವುಟಿ ಅದೇ ಸಂಜೆ ಚುಚ್ಚಿದರೂ ವಾರದಲ್ಲಿ ಬೇರು ಹಿಡಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ತುದಿ ನೆಟ್ಟರೆ ಮಾತ್ರ ಹೂ ನಿಲ್ಲದೆ ಬರುತ್ತದೆ, ಹಳೆ ಗಿಡ ಬರೀ ಉದ್ದ ಹೋಗುತ್ತದೆ.

ನೆಟ್ಟ ಮೇಲೆ ಅಡೀನಿಯಂ, ಯುಫೋರ್ಬಿಯಾಗಳಿಗೆ ಮೊದಲ 5 ದಿನ ನೀರು ಕೊಡಬೇಡಿ. ದಿನಾ ಎಳೆದು "ಬೇರು ಬಂತಾ" ಎಂದು ನೋಡುವವರು ಉಂಟು. ದಯವಿಟ್ಟು ಬಿಟ್ಟುಬಿಡಿ. ಹುಟ್ಟುವ ಎಳೆ ಬೇರು ಆ ಎಳೆತಕ್ಕೇ ತುಂಡಾಗುತ್ತದೆ.

## ಹಂತ 4: ಬಿಸಿಲು

ಅಡೀನಿಯಂ, ಟೇಬಲ್ ರೋಸ್, ಯುಫೋರ್ಬಿಯಾಗಳಿಗೆ ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು ಬೇಕು. ತೆಂಗಿನ ಮರದಡಿಯ ಚುಕ್ಕಿ ಬಿಸಿಲು ಸಾಲದು. ಬ್ರಹ್ಮಕಮಲ, ಹೋಯಾಗಳಿಗೆ ಅದೇ ಚುಕ್ಕಿ ಬಿಸಿಲು ಸರಿ. ಮಧ್ಯಾಹ್ನದ ಬಿಸಿಲಿಗೆ ಬ್ರಹ್ಮಕಮಲದ ಮೈ ಹಳದಿಯಾಗಿ ಸುಡುತ್ತದೆ. ಅದು ಹೂ ಬಿಡಲು ಎರಡು ಮೂರು ವರ್ಷ ಬಲಿಯಬೇಕು. ಉದ್ದವಾಯಿತೆಂದು ಹಳೆ ಕಾಂಡ ಕತ್ತರಿಸಿದರೆ ಹೂವನ್ನೇ ಕತ್ತರಿಸಿದ ಹಾಗೆ. ಹೋಯಾದಲ್ಲೂ ಹೂ ಬಾಡಿದ ಮೇಲೆ ಉಳಿಯುವ ಮೊಂಡು ತೊಟ್ಟನ್ನು ಕೀಳಬೇಡಿ. ಮುಂದಿನ ಗೊಂಚಲು ಅಲ್ಲೇ ಬರುವುದು.

ಕಲಾಂಚೊ ಕಥೆ ಬೇರೆ. "ತಂದಾಗ ಹೂ ಇತ್ತು, ಆಮೇಲೆ ಒಂದೂ ಬಿಡಲಿಲ್ಲ" ಎನ್ನುತ್ತಾರಲ್ಲ, ಅದಕ್ಕೆ ಕಾರಣ ಹೆಚ್ಚಾಗಿ ಜಗಲಿಯ ಟ್ಯೂಬ್‌ಲೈಟ್. ಕಲಾಂಚೊ ಮೊಗ್ಗು ಕಟ್ಟಲು ಉದ್ದದ ರಾತ್ರಿ ಬೇಕು, ಆ ರಾತ್ರಿ ನಡುವೆ ಬೆಳಕು ಬೀಳಬಾರದು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಹಾಗಾಗಿ ದೀಪ ಬೀಳದ ಜಾಗದಲ್ಲಿ ಇಟ್ಟರೆ ತಾನಾಗಿ ಮೊಗ್ಗು ಬರುತ್ತದೆ. ಬೇರೆ ಜಾಗವಿಲ್ಲದಿದ್ದರೆ ಸಂಜೆ 5ಕ್ಕೆ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಆರು ವಾರ ಒಂದು ದಿನವೂ ತಪ್ಪದೆ ಮಾಡಬೇಕು.

## ಹಂತ 5: ನೀರು

ದಿನದ ಲೆಕ್ಕದಲ್ಲಿ ನೀರು ಹಾಕಬೇಡಿ. ಒಂದು ತೆಳು ಸಲಾಕೆಯನ್ನು ಚಟ್ಟಿಯ ಅಂಚಿನಲ್ಲಿ ಮೂರು ಬೆರಳು ಆಳಕ್ಕೆ ಇಳಿಸಿ, ಹತ್ತು ಎಣಿಸಿ, ಹೊರಗೆ ತೆಗೆಯಿರಿ. ಮಣ್ಣು ಅಂಟಿ ಬಂದರೆ ಅಥವಾ ಕಡ್ಡಿ ತಣ್ಣಗಿದ್ದರೆ ಇವತ್ತು ನೀರು ಬೇಡ. ಒಣಗಿ ಬಂದರೆ ಕೆಳಗಿಂದ ಹರಿಯುವಷ್ಟು ಒಮ್ಮೆಲೇ ಕೊಡಿ. ಚಮಚದಲ್ಲಿ ಕೊಟ್ಟ ಹಾಗೆ ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ.

ಅಂದಾಜಿಗೆ, ಅಡೀನಿಯಂಗೆ ಚಳಿಗಾಲದಲ್ಲಿ ವಾರಕ್ಕೊಮ್ಮೆ, ಮಾರ್ಚ್‌–ಮೇಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಬೇಕಾಗುತ್ತದೆ. ಬೇಸಗೆಯಲ್ಲಿ ಟೇಬಲ್ ರೋಸ್ ದಿನಾ ಕೊಟ್ಟರೂ ತಾಳುತ್ತದೆ. ನೀರು ಬೆಳಿಗ್ಗೆ, ಬುಡಕ್ಕೆ.

## ಹಂತ 6: ಪತ್ತನಾಜೆಯೊಳಗೆ ಮಾಡಿನ ಕೆಳಗೆ

ಮೇ 24ರ ಆಸುಪಾಸಿಗೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಅಷ್ಟರೊಳಗೆ ನಿಮ್ಮ ಚಟ್ಟಿಗಳೂ ಮಾಡಿನ ಕೆಳಗೆ ಬಂದಿರಬೇಕು. ಮೊದಲ ಮಳೆ ನೋಡಿ ಆಮೇಲೆ ಎತ್ತಿಟ್ಟರಾಯಿತು ಎಂದು ಕಾದರೆ, ಆ ಮಳೆಯೇ ರಾತ್ರಿ ಮೂರು ಗಂಟೆಗೆ ಬರುತ್ತದೆ.

ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದು. ಪಡುಜಗಲಿಯಲ್ಲಿ ಇಟ್ಟರೆ ಇರಿಚಲು ಹೊಡೆಯುತ್ತದೆ. ಮೂಡುಬದಿಯ ಜಗಲಿ ಒಳ್ಳೆಯದು, ಬೆಳಗ್ಗಿನ ಬೆಳಕೂ ಸಿಗುತ್ತದೆ. ಮನೆಯ ಒಳಗೆ ತರಬೇಡಿ. ಬೆಳಕಿಲ್ಲದೆ ಗಿಡ ಬಿಳಿಚಿಕೊಂಡು ಕಡ್ಡಿಯಾಗುತ್ತದೆ.

ಚಟ್ಟಿ ಜಾಸ್ತಿ ಇದ್ದರೆ ಪಾರದರ್ಶಕ ಶೀಟಿನ ಮಾಡು ಕಟ್ಟಿ. ಆಳೆತ್ತರಕ್ಕಿಂತ ಮೇಲಿರಲಿ, ಇಳಿಜಾರು ಚೆನ್ನಾಗಿ ಕೊಡಿ, ನಾಲ್ಕೂ ಬದಿ ತೆರೆದಿರಲಿ. ಗಾಳಿ ಆಡದಿದ್ದರೆ ಒಳಗೆ ಬೂಷ್ಟು ಹಿಡಿಯುವುದು ಖಂಡಿತ. ಚಟ್ಟಿಗಳನ್ನು ಒಂದೂವರೆ ಅಡಿ ಎತ್ತರದ ಹಲಗೆಯ ಮೇಲಿಡಿ. ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಕೆಸರಿನಲ್ಲೇ ಕೊಳೆರೋಗದ ಬೀಜ ಇರುವುದು.

ಈ ನಾಲ್ಕು ತಿಂಗಳು ಅಡೀನಿಯಂ ಎಲೆ ಉದುರಿಸಿದರೆ ಹೆದರಬೇಡಿ. ಎಲೆಯಿಲ್ಲದ ಗಿಡಕ್ಕೆ ನೀರು ಬೇಡ. ಎಲೆ ಇದ್ದರೆ 15–20 ದಿನಕ್ಕೊಮ್ಮೆ ಅರ್ಧ ಮಗ್ ಸಾಕು. ಗಾಳಿಯಲ್ಲೇ ಅಷ್ಟು ಪಸೆ ಉಂಟು. ಬ್ರಹ್ಮಕಮಲ ಮಾತ್ರ ಇದೇ ಕಾಲದಲ್ಲಿ ಅರಳುವುದು, ಅದನ್ನು ಪೂರ್ತಿ ಒಣಗಿಸಬೇಡಿ. ಮೊಗ್ಗು ಕಂಡ ಮೇಲೆ ಚಟ್ಟಿಯ ಜಾಗ ಬದಲಿಸಿದರೆ ಮೊಗ್ಗು ಉದುರುತ್ತದೆ.

# ಬಳ್ಳಿ: ಏಪ್ರಿಲ್‌ನಿಂದ ಮುಂದಿನ ಬೇಸಗೆ ತನಕ

## ಹಂತ 7: ಗುಂಡಿ ತೋಡಿ ನೀರು ನಿಲ್ಲಿಸಿ ನೋಡುವುದು

ಏಪ್ರಿಲ್‌ನಲ್ಲೇ ಗುಂಡಿ ಆಗಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳ. ಮುರ ನೆಲ ಗಟ್ಟಿ ಇದ್ದರೆ ಹಿಂದಿನ ಸಂಜೆ ನೀರು ಬಿಟ್ಟು ಮರುದಿನ ಪಿಕ್ಕಾಸು ಹಿಡಿಯಿರಿ. ತೆಂಗಿನ ಗುಂಡಿಯ ಮುರ ಮೆದುವಾಗಲು ಉಪ್ಪು ಹಾಕುವ ಪದ್ಧತಿ ನಮ್ಮಲ್ಲಿದೆ. ತೆಂಗು ಉಪ್ಪನ್ನು ತಾಳುತ್ತದೆ. ಹೂಬಳ್ಳಿ ತಾಳುವುದಿಲ್ಲ, ಇದಕ್ಕೆ ಹಾಕಬೇಡಿ.

ಮುರಕಲ್ಲಿನಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುವುದುಂಟು. ಸಂಜೆ ಗುಂಡಿ ತುಂಬಾ ನೀರು ತುಂಬಿಸಿ ಮಲಗಿ. ಬೆಳಿಗ್ಗೆ ಖಾಲಿಯಾಗಿದ್ದರೆ ಸರಿ. ನೀರು ನಿಂತಿದ್ದರೆ ಆ ಜಾಗ ಬಿಡಿ. ಬೇರೆ ಜಾಗವಿಲ್ಲದಿದ್ದರೆ ತುಳಸಿಕಟ್ಟೆಯ ಹಾಗೆ ಕಲ್ಲು ಇಟ್ಟು ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿ, ಅದರಲ್ಲಿ ನೆಡಿ.

ಜಾಗ ಆರಿಸುವಾಗ ಮಾಡಿನ ನೀರು ಬೀಳುವ ಗೆರೆ ನೋಡಿಕೊಳ್ಳಿ. ಬಳ್ಳಿಯ ಬುಡ ಆ ಗೆರೆಯಿಂದ ಒಂದೂವರೆ ಅಡಿಯಾದರೂ ಹೊರಗಿರಲಿ. ಇಲ್ಲದಿದ್ದರೆ ಒಂದೇ ಮಳೆಗೆ ಬುಡದ ಮಣ್ಣು ತೊಳೆದುಹೋಗುತ್ತದೆ.

## ಹಂತ 8: ಸುಣ್ಣ ಮೊದಲು, ಗೊಬ್ಬರ ಆಮೇಲೆ

ಮಳೆ ನಮ್ಮ ಮಣ್ಣಿನ ಸುಣ್ಣದ ಅಂಶವನ್ನು ವರ್ಷವರ್ಷವೂ ತೊಳೆದೊಯ್ಯುತ್ತದೆ. ಹಾಗಾಗಿ ಮುರ ಮಣ್ಣು ಹುಳಿಯಾಗಿಯೇ ಇರುತ್ತದೆ. ಗುಂಡಿಯ ಮೇಲ್ಮಣ್ಣಿಗೆ ಕಾಲು ಕಿಲೋ ಅರಳಿದ ಸುಣ್ಣದ ಹುಡಿ ಕಲಸಿ ಎರಡು ವಾರ ಬಿಡಿ. ಆಮೇಲೆ ಒಂದು ಬುಟ್ಟಿ ಹಟ್ಟಿಗೊಬ್ಬರ, ಒಂದು ಬುಟ್ಟಿ ಸುಡುಮಣ್ಣು ಸೇರಿಸಿ. ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಡಿಯುವುದು ಅದೇ.

## ಹಂತ 9: ನೆಡುವುದು

ಎರಡು ಮಳೆ ಬಿದ್ದು ನೆಲ ತಣಿದ ಮೇಲೆ ನೆಡಿ. ಶಂಖಪುಷ್ಪದ ಬೀಜವನ್ನು ಕಲ್ಲಿಗೆ ಒಂದು ಸಲ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಿ. ಉಜ್ಜದೆ ಹಾಕಿದರೆ ಕೆಲವು ಬೀಜ ತಿಂಗಳಾದರೂ ಏಳುವುದಿಲ್ಲ. ಉಳಿದವು ನರ್ಸರಿ ಗಿಡವೋ ಕಡ್ಡಿಯೋ ಆಗುತ್ತದೆ. ಬೋಗನ್‌ವಿಲ್ಲಾದ ಬೇರಿನ ಮುದ್ದೆ ಒಡೆಯದಂತೆ ಚೀಲವನ್ನು ಬ್ಲೇಡಿನಲ್ಲಿ ಸೀಳಿ ತೆಗೆಯಿರಿ. ಎಳೆದು ಬಿಚ್ಚಿದರೆ ಸಾಯುವುದೇ ಜಾಸ್ತಿ.

ಕಂಬದ ಬುಡಕ್ಕೇ ತಾಗಿಸಿ ನೆಡಬೇಡಿ. ಒಂದು ಅಡಿ ಬಿಟ್ಟು, ಕಂಬದ ಕಡೆಗೆ ವಾಲಿಸಿ ನೆಡಿ. ಬುಡದಲ್ಲಿ ಮಣ್ಣು ಗುಪ್ಪೆಯಾಗಿ ಎತ್ತರವಿರಲಿ, ನೀರು ಹೊರಗೆ ಓಡಬೇಕು.

## ಹಂತ 10: ಆಧಾರ

ಬಳ್ಳಿ ಹೇಗೆ ಹತ್ತುತ್ತದೆ ಎಂದು ನೋಡದೆ ಚಪ್ಪರ ಕಟ್ಟುವುದು ದೊಡ್ಡ ತಪ್ಪು. ಶಂಖಪುಷ್ಪ ತನ್ನ ಮೈಯನ್ನೇ ಸುತ್ತಿ ಹತ್ತುತ್ತದೆ. ಅದಕ್ಕೆ ಬೆರಳು ದಪ್ಪದ ಹುರಿಯೋ ಸಲಾಕೆಯೋ ಬೇಕು. ಮೂರು ಇಂಚಿನ ನುಣುಪು ಪೈಪ್ ಕೊಟ್ಟರೆ ಜಾರಿ ಕೆಳಗೆ ಗುಡ್ಡೆಯಾಗುತ್ತದೆ. ಪೈಪೇ ಇದ್ದರೆ ಅದಕ್ಕೆ ತೆಂಗಿನ ಹುರಿ ಒತ್ತಾಗಿ ಸುತ್ತಿ. ಬೆಳ್ಳುಳ್ಳಿ ಬಳ್ಳಿ ಕುಡಿ ಚಾಚಿ ಹಿಡಿಯುತ್ತದೆ, ಅದಕ್ಕೆ ಬಲೆ ಒಳ್ಳೆಯದು. ಬೋಗನ್‌ವಿಲ್ಲಾ, ಅಲಮಂಡ ತಾವಾಗಿ ಹತ್ತುವುದೇ ಇಲ್ಲ, ಒರಗುತ್ತವೆ. ಕಟ್ಟಿಯೇ ಏರಿಸಬೇಕು. ರಂಗೂನ್ ಮಲ್ಲಿಗೆಗೆ ಭಾರ ಜಾಸ್ತಿ. ಬಸಳೆ ಚಪ್ಪರದ ಅಡಕೆ ಕಂಬ ಎರಡು ವರ್ಷಕ್ಕೆ ಕುಂಬಾಗಿ ಮುರಿಯುತ್ತದೆ. ಕಲ್ಲಿನ ಕಂಬ ಅಥವಾ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿ.

ಕಟ್ಟಲು ಬಾಳೆನಾರು ಉತ್ತಮ. ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತಿ, ಒಂದು ಕಿರುಬೆರಳು ನಡುವೆ ತೂರಬೇಕು. ತಂತಿಯಲ್ಲಿ ಕಟ್ಟಿ ಮರೆತರೆ ವರ್ಷದೊಳಗೆ ಕಾಂಡ ಅದನ್ನು ನುಂಗಿ, ಮೇಲಿನ ಭಾಗ ಒಣಗುತ್ತದೆ.

ಹಂಚಿನ ಮಾಡಿನವರಿಗೆ ಇದನ್ನು ಒತ್ತಿ ಹೇಳಬೇಕು. ನಮ್ಮ ಮನೆಯ ರಂಗೂನ್ ಮಲ್ಲಿಗೆ ಮಾಡಿನ ಅಂಚು ಮುಟ್ಟಿದಾಗ ಚಂದ ಕಂಡಿತೆಂದು ಬಿಟ್ಟೆ. ಬಿಳಿಯಾಗಿ ಅರಳಿ, ಗುಲಾಬಿಯಾಗಿ, ಮೂರನೇ ದಿನಕ್ಕೆ ಕೆಂಪಾಗುವ ಗೊಂಚಲು ಮಾಡಿನಿಂದ ಇಳಿಬಿದ್ದಿದ್ದವು. ಆಟಿಯ ಒಂದು ರಾತ್ರಿ ಅಟ್ಟದಲ್ಲಿ ತಟತಟ ಸದ್ದು. ಟಾರ್ಚು ಹಿಡಿದು ಹತ್ತಿ ನೋಡಿದರೆ ಪೆನ್ಸಿಲಿನಷ್ಟು ದಪ್ಪದ ಕುಡಿ ಎರಡು ಹಂಚಿನ ನಡುವೆ ನುಗ್ಗಿ, ಒಳಗೆ ಎರಡು ಮೊಳ ಬೆಳೆದಿತ್ತು. ಬೆಳಕು ಕಾಣದ ಎಲೆಗಳು ಬಿಳಿಬಿಳಿ. ಎತ್ತಿದ ಹಂಚಿನಿಂದ ನೀರು ಇಳಿದು, ಕೆಳಗಿದ್ದ ಸುಲಿದ ಅಡಕೆಯ ಎರಡು ಗೋಣಿ ಬೂಷ್ಟು ಹಿಡಿದಿತ್ತು. ಅಂದಿನಿಂದ ಯಾವ ಬಳ್ಳಿಯೂ ಮಾಡಿಗೆ ಎರಡು ಅಡಿ ಹತ್ತಿರ ಬಾರದ ಹಾಗೆ ಕತ್ತರಿಸುತ್ತೇನೆ. ಗೋಡೆಗೂ ಅರ್ಧ ಅಡಿ ಅಂತರವಿರಲಿ, ಮುರಕಲ್ಲು ಗೋಡೆ ಒದ್ದೆ ಆರದೆ ಪಾಚಿ ಕಟ್ಟುತ್ತದೆ. ಕರೆಂಟಿನ ತಂತಿಯ ಕೆಳಗಂತೂ ಬಳ್ಳಿ ನೆಡಲೇಬೇಡಿ. ಬುಡದಿಂದ ಎರಡು ಅಡಿ ಎತ್ತರದವರೆಗೆ ಪೊದೆಯಾಗದಂತೆ ಬೋಳಿಸಿಡಿ. ಹಾವು ಸೇರಿದರೆ ಕಣ್ಣಿಗೆ ಕಾಣಬೇಕು.

## ಹಂತ 11: ಕತ್ತರಿಸುವುದು

ಬೋಗನ್‌ವಿಲ್ಲಾದ ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಮಳೆಗಾಲದಲ್ಲಿ ಅದು ಎಲೆ ಮಾತ್ರ ಬಿಡುತ್ತದೆ, ಅದು ನಿಮ್ಮ ತಪ್ಪಲ್ಲ. ಅಕ್ಟೋಬರ್ ಕೊನೆಗೆ ಮಳೆ ನಿಂತ ಕೂಡಲೇ ಪ್ರತಿ ಕೊಂಬೆಯ ಮೂರನೇ ಒಂದು ಪಾಲು ಕತ್ತರಿಸಿ. ಚಿಗುರು ಒಂದು ಗೇಣು ಬಂದ ಮೇಲೆ ನೀರು ನಿಲ್ಲಿಸಿ. ಎಲೆ ಜೋತು ಬಿದ್ದ ದಿನ ಒಂದು ಕೊಡ ಕೊಡಿ, ಮತ್ತೆ ನಿಲ್ಲಿಸಿ. ಮೂರು ನಾಲ್ಕು ವಾರ ಹೀಗೆ ಬಾಯಾರಿಸಿದರೆ ಬಣ್ಣ ಬರುತ್ತದೆ. ಪಾಪ ಎಂದು ದಿನಾ ನೀರು ಬಿಡುವ ಮನೆಯಲ್ಲೇ ಅದು ಹಸಿರಾಗಿ ನಿಲ್ಲುವುದು.

ಬೆಳ್ಳುಳ್ಳಿ ಬಳ್ಳಿಯನ್ನು ಹೂ ಮುಗಿದ ಮೇಲೆ ಮಾತ್ರ ಕತ್ತರಿಸಿ. ರಂಗೂನ್ ಮಲ್ಲಿಗೆಯ ಬುಡದಿಂದ ಸುತ್ತಲೂ ಏಳುವ ಮರಿಗಳನ್ನು ಆಗಾಗ ಕಿತ್ತುಹಾಕಿ. ಶಂಖಪುಷ್ಪದ ಕೋಡು ಬಲಿಯಲು ಬಿಟ್ಟರೆ ಹೂ ಕಡಿಮೆಯಾಗುತ್ತದೆ. ಬೀಜಕ್ಕೆ ಹತ್ತು ಕೋಡು ಬಿಟ್ಟು ಉಳಿದದ್ದನ್ನು ಎಳೆಯದಾಗಿರುವಾಗಲೇ ಚಿವುಟಿ.

# ಎರಡಕ್ಕೂ

## ಹಂತ 12: ಗೊಬ್ಬರ

ಬಳ್ಳಿಗೆ 100 ಗ್ರಾಂ ನೆಲಕಡಲೆ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ಕೊಳೆಸಿ, ಹತ್ತು ಪಟ್ಟು ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿ. ಶಂಖಪುಷ್ಪಕ್ಕೆ ಇದೂ ಬೇಡ. ಅವರೆ, ಅಲಸಂಡೆಯ ಬಳಗದ್ದು ಅದು, ಬೇರಿನ ಗಂಟುಗಳಲ್ಲೇ ಸಾರಜನಕ ಮಾಡಿಕೊಳ್ಳುತ್ತದೆ. ಸಕ್ಯುಲೆಂಟಿಗೆ ಹಿಂಡಿ ನೀರು ಹಾಕಿದರೆ ಬುಡ ಕೊಳೆಯುತ್ತದೆ. ಅದಕ್ಕೆ ನವೆಂಬರ್‌ನಿಂದ ಮೇ ತನಕ ಎರಡು ತಿಂಗಳಿಗೊಮ್ಮೆ ಒಲೆಯ ಬೂದಿ ಒಂದು ಚಮಚ, ಮೇಲೊಂದು ಮುಷ್ಟಿ ಹಳೆ ಹಟ್ಟಿಗೊಬ್ಬರ ಸಾಕು. ಮಳೆಗಾಲದಲ್ಲಿ ಏನೂ ಬೇಡ.

## ಹಂತ 13: ಹುಳ, ರೋಗ

ಕಾಂಡದ ಸಂದಿಯಲ್ಲಿ ಹತ್ತಿಯ ಹಾಗೆ ಬಿಳಿ ಕಂಡರೆ ಹಿಟ್ಟುತಿಗಣೆ. ಇರುವೆ ಸಾಲು ಹತ್ತುವುದು ಅದರ ಮುನ್ಸೂಚನೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ಪಾತ್ರೆ ತೊಳೆಯುವ ಸೋಪು ಕಲಸಿ ಸಂಜೆ ಸಿಂಪಡಿಸಿ. ಅಡೀನಿಯಂ ಎಲೆ ಒಂದೇ ರಾತ್ರಿಗೆ ಬೋಳಾದರೆ, ಹಿಂಬದಿಯಲ್ಲಿ ಕೊಂಬಿರುವ ದಪ್ಪ ಹಸಿರು ಹುಳ ಎಲ್ಲೋ ಅಡಗಿದೆ. ಕೈಯಲ್ಲಿ ಹೆಕ್ಕಿದರೆ ಮುಗಿಯಿತು. ಆಫ್ರಿಕನ್ ಬಸವನಹುಳು ಬಂದಲ್ಲಿ ಸಂಜೆ ಪಪ್ಪಾಯಿ ಎಲೆ ಹರಡಿ, ರಾತ್ರಿ ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಅಂಗಳಕ್ಕೆ ಚೆಲ್ಲಬೇಡಿ, ಗಿಡವೂ ಸಾಯುತ್ತದೆ.

ಬಳ್ಳಿಯ ಬುಡ ಕೊಳೆಯುತ್ತಿದ್ದರೆ ತೋಟಕ್ಕೆ ಬಳಸುವ ಬೋರ್ಡೋ ದ್ರಾವಣವೇ ಆಗುತ್ತದೆ. 10 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಬಕೆಟಿನಲ್ಲಿ ಒಟ್ಟು ಮಾಡಿ. ಹೊಳೆಯುವ ಚೂರಿ ಅದ್ದಿದಾಗ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಬುಡಕ್ಕೆ ಮಾತ್ರ ಹಾಕಿ, ಅದೇ ದಿನ ಮುಗಿಸಿ.

ಇದಕ್ಕಿಂತ ಗಟ್ಟಿ ವಿಷ ಬೇಡ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ದೇಶದಲ್ಲಿ ತಡೆಯಿತು. ನೋವು ಇನ್ನೂ ಎಷ್ಟೋ ಮನೆಗಳಲ್ಲಿ ಮಲಗಿದೆ. ನಾಲ್ಕು ಹೂವಿಗಾಗಿ ವಿಷದ ಡಬ್ಬಿಯನ್ನು ಮಕ್ಕಳು ಆಡುವ ಅಂಗಳಕ್ಕೆ ತರುವುದು ನನಗೆ ಸರಿ ಕಾಣುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಉದುರುವುದು ಸಹಜ. ಎಲ್ಲ ಎಲೆ ಒಟ್ಟಿಗೆ ಹಳದಿಯಾಗಿ, ಮಣ್ಣೂ ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ. ಗಡ್ಡೆ ಸುಕ್ಕಾಗಿ ಗಟ್ಟಿ ಇದ್ದರೆ ಬಾಯಾರಿಕೆ. ಸುಕ್ಕಾಗಿ ಮೆತ್ತಗಿದ್ದರೆ ಕೊಳೆತ. ಇವೆರಡನ್ನು ಗುರುತಿಸಲು ಬಾರದೆ ಕೊಳೆಯುವ ಗಿಡಕ್ಕೇ ಮತ್ತೆ ನೀರು ಹಾಕುವವರೇ ಜಾಸ್ತಿ. ಹೆಬ್ಬೆರಳಿನಿಂದ ಒತ್ತಿ ನೋಡದೆ ನೀರು ಕೊಡಬೇಡಿ. ಕಾಂಡ ಸಪೂರವಾಗಿ ಒಂದೇ ಕಡೆ ವಾಲಿದರೆ ಬೆಳಕು ಸಾಲದು. ಕಸಿ ಮಾಡಿದ ಅಡೀನಿಯಂನಲ್ಲಿ ಗಂಟಿನ ಕೆಳಗಿಂದ ಚಿಗುರು ಬಂದರೆ ಕೂಡಲೇ ಚಿವುಟಿ, ಇಲ್ಲದಿದ್ದರೆ ಮೇಲಿನ ಒಳ್ಳೆ ಜಾತಿ ಸೊರಗುತ್ತದೆ.

## ಕೊಳೆತ ಅಡೀನಿಯಂ ಉಳಿಸುವುದು

ಮೆತ್ತಗಿನ ಭಾಗ ಸಿಕ್ಕಿದ ದಿನವೇ ಗಿಡ ಕೀಳಿ. ಬೇರು ತೊಳೆದು, ಸ್ಪಿರಿಟ್ ಒರೆಸಿದ ಚೂರಿಯಿಂದ ಕಂದು ಭಾಗವನ್ನು ಚೂರುಚೂರೇ ಕೆತ್ತಿ. ಪ್ರತಿ ಸಲ ಚೂರಿ ಒರೆಸಿಕೊಳ್ಳಿ. ಹಸಿ ಸುವರ್ಣಗೆಡ್ಡೆ ಕೊಯ್ದಾಗ ಕಾಣುವ ಹಾಗೆ ಗಟ್ಟಿಯಾದ ತಿಳಿ ಬಣ್ಣದ ಮೈ ಬರುವವರೆಗೆ ನಿಲ್ಲಬಾರದು. ಅರ್ಧ ಗಡ್ಡೆ ಹೋಯಿತೆಂದು ಮರುಕಪಟ್ಟು ಸ್ವಲ್ಪ ಕಂದು ಬಿಟ್ಟರೆ ಉಳಿದದ್ದೂ ಹೋಗುತ್ತದೆ. ಗಾಯಕ್ಕೆ ತಣ್ಣಗಿನ ಒಲೆ ಬೂದಿ ಅಥವಾ ಗಂಧಕದ ಹುಡಿ ಹಚ್ಚಿ. ಎಲೆ ಎಲ್ಲ ಕಿತ್ತು, ಗಾಳಿಯಾಡುವ ನೆರಳಲ್ಲಿ 7ರಿಂದ 10 ದಿನ ಹುರಿಯಲ್ಲಿ ನೇತುಹಾಕಿ. ಗಾಯ ಕಲ್ಲಿನಂತೆ ಗಟ್ಟಿಯಾದ ಮೇಲೆ ಬರೀ ಹೊಯಿಗೆ, ಇಟ್ಟಿಗೆ ಚೂರಿನಲ್ಲಿ ಕೂರಿಸಿ, ಮತ್ತೊಂದು ವಾರ ಬಿಟ್ಟು ಮೊದಲ ನೀರು ಕೊಡಿ.

## ಮಳೆ ಮುಗಿದ ಮೇಲೆ

ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಕಳೆದು ಬಿಸಿಲು ಬಂತೆಂದು ಚಟ್ಟಿಗಳನ್ನು ಒಮ್ಮೆಲೇ ಅಂಗಳಕ್ಕೆ ಇಡಬೇಡಿ. ನಾಲ್ಕು ತಿಂಗಳು ನೆರಳಲ್ಲಿದ್ದ ಕಾಂಡ ಒಂದೇ ಮಧ್ಯಾಹ್ನಕ್ಕೆ ಸುಟ್ಟು ಕಂದು ಕಲೆ ಬೀಳುತ್ತದೆ. ಮೊದಲ ವಾರ ಬೆಳಿಗ್ಗೆ ಎರಡು ಗಂಟೆ, ಎರಡನೇ ವಾರ ನಾಲ್ಕು ಗಂಟೆ, ಮೂರನೇ ವಾರ ಪೂರ್ತಿ ದಿನ. ಅಕ್ಟೋಬರ್‌, ನವೆಂಬರಿನ ಸಂಜೆ ಗುಡುಗು ಕೇಳಿದರೆ ಮತ್ತೆ ಒಳಗೆ ಎಳೆಯಬೇಕಾಗುತ್ತದೆ. ಅಡೀನಿಯಂ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಂಡ ದಿನ ಮೊದಲ ಮಗ್ ನೀರು ಕೊಡಿ.